ಪ್ರವಾಸದ ಜಾಹೀರಾತಿನಲ್ಲಿ ಜನ ಯಾಕೆ ಬರೀ ನಗುತ್ತಾ ನಿಂತಿರುತ್ತಾರೆ?

ದಾರಿಹೋಕ

ಬೇರೆ ಬೇರೆ ದೇಶಗಳು ವಿದೇಶಿಯರಿಗಾಗಿ ಮಾಡಿಸಿದ ಪ್ರವಾಸದ ಜಾಹೀರಾತುಗಳನ್ನು ಒಂದರ ಹಿಂದೆ ಒಂದು ನೋಡಿದ್ದೀರಾ? ಬಿಡುವಾದಾಗ ಒಮ್ಮೆ ನೋಡಿ. ಸಮುದ್ರ ಬೇರೆ, ಬೆಟ್ಟ ಬೇರೆ, ಹಾಡು ಬೇರೆ. ಆದರೆ ಅಲ್ಲಿನ ಜನ ಮಾತ್ರ ಎಲ್ಲ ಕಡೆಯೂ ಅದೇ ಕೆಲಸ ಮಾಡುತ್ತಿರುತ್ತಾರೆ. ನಗುತ್ತಾರೆ, ಹಾರ ಹಾಕುತ್ತಾರೆ, ಕುಣಿಯುತ್ತಾರೆ, ತಟ್ಟೆ ಹಿಡಿದು ಬರುತ್ತಾರೆ. ವಯಸ್ಸಾದವರಾದರೆ ಸುಕ್ಕುಗಟ್ಟಿದ ಮುಖ ತೋರಿಸಿ ಸುಮ್ನೆ ಕೂತಿರುತ್ತಾರೆ. ಮಕ್ಕಳಾದರೆ ಕ್ಯಾಮೆರಾ ಕಡೆಗೆ ಓಡಿ ಬರುತ್ತಾರೆ. ಬಾಯಿ ಬಿಟ್ಟು ಮಾತಾಡುವುದು ಅಪರೂಪ. ಬೆರಗಾಗುವವರು, ಸುತ್ತಾಡುವವರು, ಕೊನೆಗೆ ಬೆಟ್ಟದ ತುದಿಯಲ್ಲಿ ನಿಂತು ಏನೋ ಅರ್ಥವಾದಂತೆ ಉಸಿರು ಬಿಡುವವರು, ಎಲ್ಲ ಹೊರಗಿನಿಂದ ಬಂದವರೇ.

ಚೆಂದದ್ದನ್ನು ಮಾತ್ರ ತೋರಿಸುತ್ತಾರೆ ಅಂತ ನಾನು ದೂರುತ್ತಿಲ್ಲ. ಜಾಹೀರಾತು ಅಂದ ಮೇಲೆ ಅಷ್ಟು ಇದ್ದೇ ಇರುತ್ತದೆ. ನನಗೆ ಚುಚ್ಚುವುದು ಬೇರೆ. ಒಂದು ಸರ್ಕಾರ ತನ್ನ ಜನರ ತೆರಿಗೆ ಹಣದಲ್ಲೇ ಆ ಜನರನ್ನು ಯಾರದೋ ರಜೆಗೆ ಅಲಂಕಾರವಾಗಿ ನಿಲ್ಲಿಸುತ್ತದಲ್ಲ, ಅದು.

1970ರ ದಶಕದಲ್ಲಿ ಜಮೈಕಾ ಒಂದು ಪ್ರಚಾರ ನಡೆಸಿತ್ತು. ನಾವು ಬರೀ ಕಡಲತೀರ ಅಲ್ಲ, ನಮ್ಮದೂ ಒಂದು ದೇಶ ಅನ್ನುವುದೇ ಅದರ ಘೋಷಣೆ. ಅವರಿಗೆ ಸ್ವಾತಂತ್ರ್ಯ ಬಂದದ್ದು 1962ರಲ್ಲಿ. ಅಷ್ಟು ವರ್ಷ ಕಳೆದ ಮೇಲೂ ಪ್ರವಾಸಿಗರಿಗೆ ಇದನ್ನು ದುಡ್ಡು ಕೊಟ್ಟು ಹೇಳಬೇಕಾಯಿತು. ಆ ಮಾತನ್ನು ಇವತ್ತು ಹೇಳಬೇಕಾದ ದೇಶಗಳು ಇನ್ನೂ ಎಷ್ಟೋ ಇವೆ. ನಿಮಗೆ ಏನನ್ನಿಸುತ್ತದೆ?

---

ಏಜೆನ್ಸಿಯವ

ದಾರಿಹೋಕರೇ, ನಾನು ಜಾಹೀರಾತು ಕೆಲಸದಲ್ಲೇ ಇರುವವನು. ಒಳಗೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ, ಆಮೇಲೆ ನೀವೇ ಯೋಚಿಸಿ.

ಪ್ರವಾಸೋದ್ಯಮ ಇಲಾಖೆ ನಮ್ಮ ಹತ್ತಿರ ಬರುವಾಗ ಯಾವ ಯಾವ ದೇಶದವರು ಬೇಕು ಅಂತ ಮೊದಲೇ ಪಟ್ಟಿ ಮಾಡಿಕೊಂಡಿರುತ್ತದೆ. ಆ ದೇಶಗಳಲ್ಲಿ ಸಮೀಕ್ಷೆ ನಡೆಯುತ್ತದೆ. ಈ ದೇಶದ ಹೆಸರು ಕೇಳಿದ ಕೂಡಲೇ ನಿಮಗೆ ಏನು ನೆನಪಾಗುತ್ತದೆ ಅಂತ ಕೇಳುತ್ತಾರೆ. ಆನೆ ಅಂದರೆ ಆನೆ, ಮರಳು ಅಂದರೆ ಮರಳು. ಅದೇ ಚಿತ್ರಕಥೆಗೆ ಬರುತ್ತದೆ. ಅಂದರೆ ಹೊರಗಿನವರ ತಲೆಯಲ್ಲಿ ಮೊದಲೇ ಇದ್ದ ಚಿತ್ರವನ್ನೇ ನಾವು ತೊಳೆದು, ಹೊಳಪು ಕೊಟ್ಟು ವಾಪಸ್ ತೋರಿಸುತ್ತೇವೆ. ಇರುವುದು 30 ಸೆಕೆಂಡ್. ಅಷ್ಟರಲ್ಲಿ ಹೊಸ ಪರಿಚಯ ಮಾಡಿಕೊಡುವ ಧೈರ್ಯ ಯಾರಿಗೂ ಇರುವುದಿಲ್ಲ. ಮುಂದಿನ ವರ್ಷ ಎಷ್ಟು ಜನ ಬಂದರು ಅನ್ನುವ ಒಂದೇ ಲೆಕ್ಕದ ಮೇಲೆ ಎಲ್ಲರ ಕೆಲಸವೂ ನಿಂತಿರುತ್ತದೆ.

ಸ್ಥಳೀಯರು ಮಾತಾಡುವುದೇ ಇಲ್ಲ ಅನ್ನುವುದನ್ನು ಮಾತ್ರ ಒಪ್ಪಲಾರೆ. 1984ರಲ್ಲಿ ಆಸ್ಟ್ರೇಲಿಯಾ ಅಮೆರಿಕದವರಿಗಾಗಿ ತನ್ನದೇ ಹಾಸ್ಯನಟ ಪಾಲ್ ಹೋಗನ್ ಅವರನ್ನು ಇಟ್ಟುಕೊಂಡು ಜಾಹೀರಾತು ಮಾಡಿತು. ಇಡೀ ಜಾಹೀರಾತು ನಡೆಯುವುದು ಅವರ ಮಾತಿನ ಮೇಲೆ. ನೆರೆಮನೆಯವರ ಸಲುಗೆಯಲ್ಲಿ ಬನ್ನಿ ಅಂತ ಕರೆಯುತ್ತಾರೆ. ಜನರಿಗೆ ತುಂಬಾ ಹಿಡಿಸಿತ್ತು.

---

ಓದುಗಿ

ಏಜೆನ್ಸಿಯವರು ಒಳ್ಳೆಯ ಉದಾಹರಣೆ ಕೊಟ್ಟರು. ಅದೇ ದೇಶದ 2006ರ ಜಾಹೀರಾತನ್ನೂ ಪಕ್ಕದಲ್ಲಿ ಇಟ್ಟು ನೋಡೋಣ.

ಅದರಲ್ಲಿ ಆಸ್ಟ್ರೇಲಿಯಾದವರು ಒಬ್ಬೊಬ್ಬರಾಗಿ ಬಂದು, ನಿಮಗಾಗಿ ಎಲ್ಲ ತಯಾರಾಗಿದೆ ಅನ್ನುತ್ತಾರೆ. ಬಿಯರ್ ಸುರಿದಿಟ್ಟಿದ್ದೇವೆ, ಒಂಟೆಗಳಿಗೆ ಸ್ನಾನ ಮಾಡಿಸಿದ್ದೇವೆ, ಇನ್ನೂ ನೀವೆಲ್ಲಿದ್ದೀರಿ ಅಂತ ಕೊನೆಗೆ ಕೇಳುತ್ತಾರೆ. ಹಾಗೆ ಕೇಳುವಾಗ ಒಂದು ಒರಟು ಪದ ಬಳಸಿದ್ದಕ್ಕೆ ಬ್ರಿಟನ್ನಿನ ಟಿವಿಯಲ್ಲಿ ಮೊದಲು ತಡೆ ಬಿತ್ತು, ಆಮೇಲೆ ಸಡಿಲವಾಯಿತು. ಪತ್ರಿಕೆಗಳ ತುಂಬ ಅದೇ ಸುದ್ದಿ.

ನನ್ನ ಗಮನ ಹೋದದ್ದು ಬೇರೆ ಕಡೆಗೆ. ನಡುವೆ ಮೂಲನಿವಾಸಿಗಳ ಕುಣಿತ ಬರುತ್ತದೆ. ನಾವು 40,000 ವರ್ಷಗಳಿಂದ ಅಭ್ಯಾಸ ಮಾಡುತ್ತಿದ್ದೇವೆ ಅನ್ನುವುದು ಅವರ ಪಾಲಿಗೆ ಬಂದ ಮಾತು. ಯೋಚಿಸಿ ನೋಡಿ. ಅಷ್ಟು ಹಳೆಯ ಬದುಕು, ಅವರ ಪೂರ್ವಜರು, ಅವರ ನೆಲ, ಅವರ ಆಚರಣೆ, ಎಲ್ಲವೂ ಒಬ್ಬ ಪ್ರವಾಸಿ ವಿಮಾನ ಇಳಿಯುವುದಕ್ಕೆ ನಡೆದ ತಾಲೀಮಂತೆ! ಅವರಿಗೂ ಅಲ್ಲಿ ಮಾತು ಇದೆ, ನಿಜ. ಆದರೆ ಆ ಮಾತನ್ನು ಬರೆದುಕೊಟ್ಟವರು ಯಾರು? ಹೋಗನ್ ಮನೆಯ ಯಜಮಾನನ ಹಾಗೆ ಕರೆಯುತ್ತಾರೆ. ಕುಣಿಯುವವರು ಬಂದವರ ಮನರಂಜನೆಗೆ ಕಾದು ನಿಂತಿರುತ್ತಾರೆ. ಒಂದೇ ದೇಶದೊಳಗೆ ಯಾರನ್ನು ಎಲ್ಲಿ ನಿಲ್ಲಿಸುತ್ತಾರೆ ಅನ್ನುವುದು ಇಲ್ಲೇ ಗೊತ್ತಾಗುತ್ತದೆ.

---

ಕ್ಯಾಮೆರಾ ಕಣ್ಣು

ಫೋಟೋ ತೆಗೆಯುವವನಾಗಿ ಒಂದು ವಿಷಯ ಸೇರಿಸುತ್ತೇನೆ. ಜಾಹೀರಾತಿನ ಚಿತ್ರ ಸುಮ್ಮನೆ ಚಿತ್ರವಾಗಿ ಉಳಿಯುವುದಿಲ್ಲ. ಜನ ನಿಧಾನವಾಗಿ ಅದರ ಅಳತೆಗೆ ತಮ್ಮನ್ನು ಕತ್ತರಿಸಿಕೊಳ್ಳಬೇಕಾಗುತ್ತದೆ.

ಹವಾಯಿಯ ಹುಲಾ ನೃತ್ಯವನ್ನೇ ತೆಗೆದುಕೊಳ್ಳಿ. ಅದು ಮೂಲದಲ್ಲಿ ಪಠಣದ ಜೊತೆ ಬರುವ ನೃತ್ಯ. ದೇವರುಗಳ ಕಥೆ, ಅರಸರ ವಂಶಾವಳಿ ಅದರಲ್ಲಿ ಇರುತ್ತದೆ. ಮಿಷನರಿಗಳು ಬಂದ ಮೇಲೆ ಅದು ಅಸಭ್ಯ ಅನ್ನಿಸಿಕೊಂಡಿತು. 1830ರಲ್ಲಿ ಸಾರ್ವಜನಿಕವಾಗಿ ಕುಣಿಯುವುದಕ್ಕೇ ನಿಷೇಧ ಬಂತು. 1893ರಲ್ಲಿ ರಾಣಿ ಲಿಲಿಯೋಕಲಾನಿಯನ್ನು ಇಳಿಸಿದರು, 1898ರಲ್ಲಿ ದ್ವೀಪಗಳು ಅಮೆರಿಕದ ವಶವಾದವು. ಅದಾದ ಮೇಲೆ ಅದೇ ನೃತ್ಯದ ಹುಡುಗಿ ಪೋಸ್ಟರುಗಳಿಗೆ ಬಂದಳು.

1937ರಲ್ಲಿ ಹವಾಯಿಯ ವೈಕಿಕಿ ಕಡಲತೀರದ ಕಡೆ ಕೊಡಾಕ್ ಹುಲಾ ಶೋ ಅಂತ ಶುರುವಾಯಿತು. ಫಿಲ್ಮ್ ಕಂಪನಿಯ ಪ್ರಾಯೋಜನೆ. ಹುಲಾ ಪ್ರದರ್ಶನ ಸಾಮಾನ್ಯವಾಗಿ ರಾತ್ರಿ ಇರುತ್ತಿತ್ತು, ಕತ್ತಲಲ್ಲಿ ಪ್ರವಾಸಿಗರಿಗೆ ಫೋಟೋ ಬರುತ್ತಿರಲಿಲ್ಲ. ಅದಕ್ಕೆ ಇದನ್ನು ಹಗಲು ಬೆಳಕಿನಲ್ಲಿ ಇಟ್ಟರು. ಕುಣಿಯುವವರು ದೊಡ್ಡ ದೊಡ್ಡ ಅಕ್ಷರಗಳನ್ನು ಎತ್ತಿ ಹಿಡಿದು ಸಾಲಾಗಿ ನಿಂತು ಫೋಟೋಕ್ಕೆ ಪೋಸ್ ಕೊಡುತ್ತಿದ್ದರು. ಇದು 2002ರವರೆಗೂ ನಡೆಯಿತು. ಫಿಲ್ಮಿಗೆ ಎಷ್ಟು ಬೆಳಕು ಬೇಕು ಅನ್ನುವುದು ಒಂದು ನೃತ್ಯದ ಹೊತ್ತನ್ನೇ ತೀರ್ಮಾನಿಸಿತು! ಆಲ್ಬಮಿಗೆ ಹೋದ ಚಿತ್ರದಲ್ಲಿ ರಾಣಿಯ ಕಥೆ ಇಲ್ಲ, ನಿಷೇಧದ ಕಥೆಯೂ ಇಲ್ಲ. ಹವಾಯಿಯ ಜನ 1970ರ ದಶಕದಿಂದ ಹಳೆಯ ಹುಲಾ, ಹಳೆಯ ಪಠಣ, ತಮ್ಮ ಭಾಷೆ ಎಲ್ಲವನ್ನೂ ಪಟ್ಟು ಹಿಡಿದು ಮತ್ತೆ ಕಟ್ಟಿಕೊಂಡರು. ಅದು ಪೋಸ್ಟರಿನಿಂದ ಆದದ್ದಲ್ಲ, ಪೋಸ್ಟರಿನ ನಡುವೆಯೂ ಆದದ್ದು.

---

ಅಲೆಮಾರಿ

ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ ಅನ್ನಿಸುತ್ತಿದೆ. ಆ ಶೋದಲ್ಲಿ ಕುಣಿದವರಿಗೆ ಸಂಬಳ ಬಂದಿರುತ್ತದೆ, ಅಲ್ವಾ? ತಮ್ಮ ಕಲೆ ತೋರಿಸಿದ ಖುಷಿಯೂ ಇರುತ್ತದೆ. ಕುಣಿಯುವವರೆಲ್ಲ ಪಾಪದವರು ಅಂತ ನಾವೇ ಇಲ್ಲಿ ಕೂತು ತೀರ್ಪು ಕೊಟ್ಟರೆ ಅದೂ ಅವರನ್ನು ಗೊಂಬೆ ಮಾಡಿದ ಹಾಗೆಯೇ. ಪ್ರವಾಸಿಗರು ಬಾರದಿದ್ದರೆ ಒಲೆ ಹೊತ್ತದ ಮನೆಗಳು ಲಕ್ಷಗಟ್ಟಲೆ ಇವೆ. 2020ರಲ್ಲಿ ವಿಮಾನ ನಿಂತಾಗ ಅದು ಎಲ್ಲರ ಕಣ್ಣಿಗೂ ಬಿತ್ತು.

---

ಹಳೇ ಗೈಡ್

ಅಲೆಮಾರಿಯವರ ಮಾತು ಸರಿ. ಈ ಕೆಲಸದಿಂದಲೇ ನನ್ನ ಮಕ್ಕಳು ಓದಿದ್ದು. ಜಾಹೀರಾತು ಬೇಡ ಅಂತ ನಾನಂತೂ ಹೇಳಲಾರೆ.

ಆದರೆ ಜಾಹೀರಾತು ನೋಡಿ ಬಂದವರ ಜೊತೆ ದಿನವಿಡೀ ನಡೆಯುವವನು ನಾನು. ಅವರ ಮನಸ್ಸಿನಲ್ಲಿ ಒಂದು ಚಿತ್ರ ಕೂತಿರುತ್ತದೆ. ಕಣ್ಣ ಮುಂದಿನದು ಅದಕ್ಕೆ ಹೊಂದದಿದ್ದರೆ ಮುಖ ಸಣ್ಣದಾಗುತ್ತದೆ. ಒಮ್ಮೆ ಒಬ್ಬ ಅಜ್ಜಿ ಬಾಗಿಲ ಬಳಿ ಕೂತು ಮೊಬೈಲಿನಲ್ಲಿ ಮೊಮ್ಮಗಳ ಜೊತೆ ವಿಡಿಯೋ ಕಾಲ್ ಮಾಡುತ್ತಿದ್ದರು. ಮುಖದ ತುಂಬ ನಗು. ಪ್ರವಾಸಿ ಹೆಣ್ಣುಮಗಳೊಬ್ಬಳಿಗೆ ಆ ನಗು ಬೇಕಾಗಿತ್ತು, ಮೊಬೈಲ್ ಬೇಡವಾಗಿತ್ತು. ಅದನ್ನು ಸ್ವಲ್ಪ ಕೆಳಗಿಡಲು ಹೇಳಿ ಅಂತ ನನ್ನನ್ನು ಕೇಳಿದಳು. ಕೆಟ್ಟ ಮನಸ್ಸಿನವಳೇನಲ್ಲ, ತುಂಬಾ ಮರ್ಯಾದೆಯಿಂದಲೇ ಕೇಳಿದಳು. ಅಜ್ಜಿ ಮೊಬೈಲನ್ನು ಮಡಿಲಿನಲ್ಲಿ ಮಗುಚಿಟ್ಟರು. ನಗು ಹೋಯಿತು. ಮೊಮ್ಮಗಳು ಆ ಕಡೆಯಿಂದ ಕೂಗುತ್ತಲೇ ಇದ್ದಳು. ಫೋಟೋ ತೆಗೆದಾಯಿತು. ಆ ಫೋಟೋ ನೋಡಿದವರಿಗೆ ಇವರು ಯಾರೂ ಇಲ್ಲದ ಒಂಟಿ ಮುದುಕಿ ಅನ್ನಿಸಬಹುದು.

ನಮ್ಮ ಕೆಲಸದಲ್ಲಿ ದಿನವೂ ಕೇಳಿಬರುವ ಪ್ರಶ್ನೆ ಒಂದಿದೆ. ನಿಜವಾದ ಹಳ್ಳಿ ಎಲ್ಲಿದೆ? ಅವರು ನಿಂತಿರುವುದು ನಿಜವಾದ ಹಳ್ಳಿಯಲ್ಲೇ. ಡಿಶ್ ಆಂಟೆನಾ ಇರುವ, ಬೈಕ್ ನಿಂತಿರುವ, ಕೋಚಿಂಗ್ ಕ್ಲಾಸಿನ ಬೋರ್ಡ್ ಇರುವ ಹಳ್ಳಿ. ಆದರೆ ಜಾಹೀರಾತಿನಲ್ಲಿ ಅದು ಇರಲಿಲ್ಲ. ಹಾಗಾಗಿ ಇದು ನಕಲಿ ಅನ್ನಿಸುತ್ತದೆ. ಕೊನೆಗೆ ಏನಾಗುತ್ತದೆ ಗೊತ್ತಾ? ಸೀಸನ್ ಬಂದಾಗ ಅಂಗಡಿಯವರೇ ಬೋರ್ಡ್ ತೆಗೆದಿಡುತ್ತಾರೆ. ಹುಡುಗರು ಪ್ಯಾಂಟ್ ಬಿಚ್ಚಿ ಹಬ್ಬದ ಬಟ್ಟೆ ಹಾಕಿಕೊಂಡು ನಿಲ್ಲುತ್ತಾರೆ. ಸಂಬಳ ಬರುತ್ತದೆ ಸರ್, ಇಲ್ಲ ಅನ್ನುವುದಿಲ್ಲ. ಸಂಬಳದ ಜೊತೆ ಇದೂ ಬರುತ್ತದೆ.

---

ಓದುಗಿ

ಗೈಡ್ ಅವರ ಅಜ್ಜಿ ಮನಸ್ಸಿನಿಂದ ಹೋಗುತ್ತಿಲ್ಲ.

ಅಲೆಮಾರಿಯವರೇ, ಸಂಬಳದ ಮಾತು ನಾನೂ ಒಪ್ಪುತ್ತೇನೆ. ಆದರೆ ಬೇಡ ಅಂದಾಗ ಬಿಟ್ಟು ಹೋಗುವ ಸ್ವಾತಂತ್ರ್ಯ ಇದೆಯೇ ಅನ್ನುವುದನ್ನೂ ಕೇಳಬೇಕು. ಥಾಯ್ಲೆಂಡಿನ ಮೇ ಹಾಂಗ್ ಸಾನ್ ಕಡೆ ಕಯಾನ್ ಹೆಂಗಸರು ಇದ್ದಾರೆ. ಕುತ್ತಿಗೆಗೆ ಹಿತ್ತಾಳೆ ಸುರುಳಿ ಧರಿಸುವವರು. ನೀವೆಲ್ಲ ಪೋಸ್ಟ್ ಕಾರ್ಡಿನಲ್ಲಿ ನೋಡಿರುತ್ತೀರಿ. ಥಾಯ್ಲೆಂಡಿನ ಚಿತ್ರವಾಗಿಯೇ ಅವರು ಜಗತ್ತಿಗೆಲ್ಲ ಗೊತ್ತು. ಆದರೆ ಅವರಲ್ಲಿ ಬಹಳ ಜನ ಮ್ಯಾನ್ಮಾರಿನ ಯುದ್ಧದಿಂದ ತಪ್ಪಿಸಿಕೊಂಡು ಗಡಿ ದಾಟಿ ಬಂದ ನಿರಾಶ್ರಿತರು. ಕೆಲವರಿಗೆ ನ್ಯೂಜಿಲೆಂಡಿನಲ್ಲಿ ನೆಲೆ ಕೊಡಲು ಒಪ್ಪಿಗೆ ಸಿಕ್ಕಿತ್ತು. ಥಾಯ್ ಅಧಿಕಾರಿಗಳು ಹೊರಡಲು ಅನುಮತಿ ಕೊಡಲಿಲ್ಲ. 2008ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯೇ ಇದನ್ನು ಎತ್ತಿ ಹೇಳಿ, ಆ ಹಳ್ಳಿಗಳಿಗೆ ಪ್ರವಾಸಿಗರು ಹೋಗಬಾರದು ಅಂದಿತು. ಪೋಸ್ಟ್ ಕಾರ್ಡಿನಲ್ಲಿ ಇರಬಹುದು, ಪಾಸ್‌ಪೋರ್ಟ್ ಮಾತ್ರ ಇಲ್ಲ.

ಮಸಾಯಿಗಳದೂ ಇದೇ ಸಂಕಟ. ಕೆಂಪು ಬಟ್ಟೆ ತೊಟ್ಟು ಎತ್ತರಕ್ಕೆ ಜಿಗಿಯುವ ಮಸಾಯಿ ಯುವಕ ಇಲ್ಲದೆ ಪೂರ್ವ ಆಫ್ರಿಕಾದ ಸಫಾರಿ ಜಾಹೀರಾತು ಮುಗಿಯುವುದೇ ಕಷ್ಟ. 2022ರ ಜೂನ್‌ನಲ್ಲಿ ತಾಂಜಾನಿಯಾದ ಲೋಲಿಯೊಂಡೋದಲ್ಲಿ 1,500 ಚದರ ಕಿಲೋಮೀಟರ್ ಜಾಗವನ್ನು ವನ್ಯಜೀವಿಗಳಿಗೆ ಅಂತ ಗುರುತು ಹಾಕಲು ಪೊಲೀಸರು ಬಂದರು. ಅದು ಮಸಾಯಿಗಳು ದನ ಮೇಯಿಸುವ ನೆಲ. ಘರ್ಷಣೆಯಲ್ಲಿ ಒಬ್ಬ ಪೊಲೀಸ್ ಸತ್ತರು. ಎಷ್ಟೋ ಮಸಾಯಿಗಳು ಗಾಯಗೊಂಡರು. ಚಿಕಿತ್ಸೆಗೂ ಆಸರೆಗೂ ಗಡಿ ದಾಟಿ ಕೀನ್ಯಾಕ್ಕೆ ಓಡಿದರು. ಚಿತ್ರಕ್ಕೆ ಬೇಕಾದವರು ನೆಲಕ್ಕೆ ಬೇಡವಾದರು.

---

ನಕಾಶೆ

ಇನ್ನೊಂದು ಥರದ್ದೂ ಇದೆ. ಚಿತ್ರವೇ ಆ ದೇಶದ್ದಲ್ಲ! 2023ರಲ್ಲಿ ಫಿಲಿಪ್ಪೀನ್ಸ್ ಹೊಸ ಪ್ರಚಾರ ಶುರು ಮಾಡಿದಾಗ ಏಜೆನ್ಸಿಯ ವಿಡಿಯೋದಲ್ಲಿ ಇಂಡೋನೇಷ್ಯಾದ ಭತ್ತದ ಮೆಟ್ಟಿಲು ಗದ್ದೆ ಇತ್ತು, ಬೇರೆ ದೇಶಗಳ ಮರಳ ದಿಬ್ಬ ಇತ್ತು. ಏಜೆನ್ಸಿ ಕ್ಷಮೆ ಕೇಳಿತು, ಸರ್ಕಾರ ಒಪ್ಪಂದ ರದ್ದು ಮಾಡಿತು. 1995ರಿಂದ ಯುನೆಸ್ಕೋ ಪಟ್ಟಿಯಲ್ಲಿರುವ ಮೆಟ್ಟಿಲು ಗದ್ದೆಗಳು ಫಿಲಿಪ್ಪೀನ್ಸಿನಲ್ಲೇ ಇವೆ. ಅದನ್ನು ತಲೆತಲಾಂತರದಿಂದ ಕಟ್ಟಿ ಉಳಿಸಿಕೊಂಡು ಬಂದ ಇಫುಗಾವೋ ಜನರಿಗೆ ಎಷ್ಟು ನೋವಾಗಿರಬೇಕು! ಲಿಥುವೇನಿಯಾದಲ್ಲಿ 2017ರಲ್ಲಿ ಫಿನ್ಲೆಂಡ್, ಸ್ಲೊವಾಕಿಯಾದ ಫೋಟೋಗಳು ಸೇರಿಕೊಂಡಿದ್ದಕ್ಕೆ ಇಲಾಖೆಯ ಮುಖ್ಯಸ್ಥರೇ ರಾಜೀನಾಮೆ ಕೊಟ್ಟರು. 2023ರ ಇಟಲಿಯ ಪ್ರಚಾರದ ವಿಡಿಯೋದಲ್ಲಿ ಸ್ಲೊವೇನಿಯಾದ ವೈನ್ ತೋಟ ಸಿಕ್ಕಿಬಿತ್ತು.

---

ಏಜೆನ್ಸಿಯವ

ನಕಾಶೆಯವರು ಹೇಳಿದ್ದಕ್ಕೆ ಕಾರಣ ಸ್ಟಾಕ್ ಫೂಟೇಜ್. ರೆಡಿ ಸಿಗುವ ದೃಶ್ಯ ಕೊಂಡು ಅಂಟಿಸುವುದು. ಗಡುವು ಹತ್ತಿರ ಬಂದಾಗ ಊರೂರು ಸುತ್ತಿ ಶೂಟ್ ಮಾಡುವುದಕ್ಕಿಂತ ಅಗ್ಗ. ಕಡಲತೀರ ಕಡಲತೀರದ ಹಾಗೇ ಕಾಣುತ್ತದೆ, ಯಾರಿಗೆ ಗೊತ್ತಾಗುತ್ತದೆ ಅನ್ನುವ ಧೈರ್ಯ. ಅಲ್ಲೇ ಹುಟ್ಟಿ ಬೆಳೆದವರಿಗೆ ಒಂದೇ ಕ್ಷಣದಲ್ಲಿ ಗೊತ್ತಾಗುತ್ತದೆ. ಆದರೆ ಜಾಹೀರಾತನ್ನು ಬಿಡುಗಡೆಗೆ ಮೊದಲು ಅವರಿಗೆ ತೋರಿಸುವ ರೂಢಿಯೇ ಇಲ್ಲ. ಸಮೀಕ್ಷೆ ಎಲ್ಲ ನಡೆಯುವುದು ಹೊರದೇಶದವರ ನಡುವೆ.

---

ಸಂಜೆಮಲ್ಲಿಗೆ

ಹೆಂಗಸರ ವಿಷಯ ಯಾರೂ ಎತ್ತಲಿಲ್ಲ, ನಾನು ಎತ್ತುತ್ತೇನೆ.

2019ರಲ್ಲಿ ಉಗಾಂಡಾದ ಪ್ರವಾಸೋದ್ಯಮ ರಾಜ್ಯ ಸಚಿವರು ಮೈದುಂಬಿದ ಹೆಂಗಸರೂ ನಮ್ಮ ದೇಶದ ಆಕರ್ಷಣೆ ಅಂತ ಒಂದು ಸೌಂದರ್ಯ ಸ್ಪರ್ಧೆಯನ್ನೇ ಪ್ರಚಾರಕ್ಕೆ ತಂದರು. ನದಿ, ಗೊರಿಲ್ಲಾ ಇರುವ ಪಟ್ಟಿಗೆ ಹೆಂಗಸರ ಮೈಯನ್ನೂ ಸೇರಿಸಿದ ಹಾಗಾಯಿತು. ಅಲ್ಲಿನ ಮಹಿಳೆಯರು ಜೋರಾಗಿಯೇ ಪ್ರತಿಭಟಿಸಿದರು. ಇದು ಬಡ ದೇಶಗಳ ಕಥೆ ಮಾತ್ರ ಅಂದುಕೊಳ್ಳಬೇಡಿ. 2009ರಲ್ಲಿ ಡೆನ್ಮಾರ್ಕಿನ ಪ್ರವಾಸೋದ್ಯಮ ಸಂಸ್ಥೆ ಒಂದು ವಿಡಿಯೋ ಬಿಟ್ಟಿತು. ಯುವತಿಯೊಬ್ಬಳು ಮಗುವನ್ನು ಎತ್ತಿಕೊಂಡು, ಒಂದು ರಾತ್ರಿ ಜೊತೆಗಿದ್ದು ಹೋದ ಪ್ರವಾಸಿಯನ್ನು ಹುಡುಕುತ್ತಿದ್ದೇನೆ ಅನ್ನುತ್ತಾಳೆ. ಜನ ನಿಜವೆಂದೇ ನಂಬಿದರು. ಆಮೇಲೆ ನೋಡಿದರೆ ಅವಳು ನಟಿ. ದೇಶದ ಹೆಣ್ಣುಮಕ್ಕಳ ಬಗ್ಗೆ ಇದು ಏನು ಹೇಳುತ್ತದೆ ಅಂತ ಗಲಾಟೆಯಾಗಿ ವಿಡಿಯೋ ತೆಗೆದರು.

ಎರಡರಲ್ಲೂ ಹೊರಗಿನ ಗಂಡಸಿಗೆ ಹೋಗುವ ಸಂದೇಶ ಒಂದೇ. ಇಲ್ಲಿನ ಹೆಂಗಸರು ನಿನಗೆ ಸಿಗುತ್ತಾರೆ. ಆ ಸಂದೇಶ ಹೊತ್ತು ವಿಮಾನ ಇಳಿದವನು ಬೀದಿಯಲ್ಲಿ ಒಬ್ಬಳನ್ನು ಹೇಗೆ ನೋಡುತ್ತಾನೆ? ಅವನ ಕಣ್ಣಿಗೆ ಬೀಳುವವಳು ಜಾಹೀರಾತು ಮಾಡಿದ ಅಧಿಕಾರಿಯಲ್ಲ. ಕೆಲಸ ಮುಗಿಸಿ ಬಸ್ಸಿಗೆ ಕಾಯುತ್ತಿರುವ ಹುಡುಗಿ.

---

ಕ್ಯಾಮೆರಾ ಕಣ್ಣು

ಸಂಜೆಮಲ್ಲಿಗೆ ಮೇಡಂ, ನಿಮ್ಮ ಕೊನೆಯ ಮಾತಿಗೆ ಸಾವಿರ ಲೈಕ್.

ಇದನ್ನು ತಿರುಗಿಸಿ ನೋಡುವ ಒಂದು ಉದಾಹರಣೆ ಇದೆ. 2023ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರಪಾಲಿಕೆ ಬ್ರಿಟನ್ನಿನ 18ರಿಂದ 35 ವಯಸ್ಸಿನ ಗಂಡಸರಿಗೆ ದಯವಿಟ್ಟು ಬರಬೇಡಿ ಅನ್ನುವ ಜಾಹೀರಾತು ಮಾಡಿತು. ಕುಡಿದು ಬಿದ್ದ ಹುಡುಗ, ಕೈಗೆ ಬೇಡಿ, ಆಂಬುಲೆನ್ಸ್. ಆಗ ನಮ್ಮನ್ನೆಲ್ಲ ಕುಡುಕರು ಅಂತ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಅಂತ ಎಷ್ಟೋ ಜನ ಬೇಸರ ಮಾಡಿಕೊಂಡರು. ಅವರ ಬೇಸರ ಸರಿಯಾದದ್ದೇ. ಒಂದು ಇಡೀ ಜನವರ್ಗವನ್ನು ಒಂದೇ ಮುಖಕ್ಕೆ ಇಳಿಸಿದರೆ ಹೇಗನ್ನಿಸುತ್ತದೆ ಅನ್ನುವುದು ಒಮ್ಮೆಯಾದರೂ ಪ್ರವಾಸಿಗರ ಅನುಭವಕ್ಕೆ ಬಂತು.

---

ನಕಾಶೆ

ಜಾಹೀರಾತನ್ನೇ ಹಿಡಿದು ಜನ ಸರ್ಕಾರವನ್ನು ಪ್ರಶ್ನೆ ಮಾಡಿದ್ದೂ ಇದೆ. ನನಗೆ ಇದು ತುಂಬಾ ಮುಖ್ಯ ಅನ್ನಿಸುತ್ತದೆ.

ನ್ಯೂಜಿಲೆಂಡ್ 1999ರಿಂದ ತನ್ನನ್ನು ನೂರಕ್ಕೆ ನೂರು ಪರಿಶುದ್ಧ ಅಂತ ಹೇಳಿಕೊಂಡು ಬಂದಿದೆ. ಹೈನುಗಾರಿಕೆ ಬೆಳೆದ ಹಾಗೆ ಅಲ್ಲಿನ ನದಿಗಳು ಕೆಟ್ಟವು. ಮೈಕ್ ಜಾಯ್ ಅನ್ನುವ ನದಿ ವಿಜ್ಞಾನಿ ಇದನ್ನು ಗಟ್ಟಿಯಾಗಿ ಹೇಳಿದರು. 2011ರಲ್ಲಿ ಬಿಬಿಸಿ ಸಂದರ್ಶನದಲ್ಲಿ ಪ್ರಧಾನಿ ಜಾನ್ ಕೀ ಅವರಿಗೆ ಇದೇ ಪ್ರಶ್ನೆ ಬಂತು. ವಿಜ್ಞಾನಿಗಳು ವಕೀಲರ ಹಾಗೆ, ಬೇರೆ ಅಭಿಪ್ರಾಯ ಹೇಳುವ ಇನ್ನೊಬ್ಬರು ಸಿಗುತ್ತಾರೆ ಅನ್ನುವ ಅರ್ಥದಲ್ಲಿ ಅವರು ಉತ್ತರ ಕೊಟ್ಟರು. ಬಹಳ ಜನರಿಗೆ ಅದು ಸಹಿಸಲಿಲ್ಲ. ಹೊರಗಿನವರಿಗೆ ಕೊಟ್ಟ ಮಾತನ್ನು ಒಳಗಿನವರಿಗೆ ಯಾಕೆ ಉಳಿಸಿಕೊಳ್ಳುತ್ತಿಲ್ಲ ಅಂತ ಕೇಳಲು ಆ ಘೋಷಣೆಯೇ ಅವರ ಕೈಗೆ ಸಿಕ್ಕಿತ್ತು.

---

ಅಲೆಮಾರಿ

ನಮ್ಮ ದೇಶದ ಇನ್‌ಕ್ರೆಡಿಬಲ್ ಇಂಡಿಯಾ ಇದರಲ್ಲಿ ಎಲ್ಲಿ ಬರುತ್ತದೆ? 2002ರಲ್ಲಿ ಅದು ಬಂದಾಗ ಹೆಮ್ಮೆಯಾಗಿತ್ತು, ಈಗಲೂ ಇದೆ. ಹಾವಾಡಿಗರ ದೇಶ ಅನ್ನುವ ಹಳೆಯ ಮಾತಿನಿಂದ ಹೊರಗೆ ತಂದಿತು.

---

ದಾರಿಹೋಕ

ಹೆಮ್ಮೆ ನನಗೂ ಇದೆ ಅಲೆಮಾರಿಯವರೇ. 2001ರ ಸೆಪ್ಟೆಂಬರ್ ದಾಳಿಯ ನಂತರ ಪ್ರವಾಸಿಗರು ಕಡಿಮೆಯಾಗಿದ್ದ ಹೊತ್ತು ಅದು. ಎಲ್ಲ ಪ್ರಚಾರವನ್ನೂ ಒಂದೇ ಹೆಸರಿನ ಕೆಳಗೆ ತಂದರು, ಕೆಲಸವೂ ಚೆನ್ನಾಗಿಯೇ ಆಯಿತು. ಆದರೆ ಅದರ ಹೆಸರಾದ ಚಿತ್ರಗಳನ್ನು ನೆನಪಿಸಿಕೊಳ್ಳಿ. ಯೋಗ, ಸಾಧು, ಅರಮನೆ, ಹುಲಿ. ಹಾವಾಡಿಗನ ಜಾಗಕ್ಕೆ ಯೋಗಿ ಬಂದ. ನೋಡುವ ದೂರ ಮಾತ್ರ ಅಷ್ಟೇ ಉಳಿಯಿತು. ಅದರ ಜೊತೆಗೇ ಅತಿಥಿ ದೇವೋ ಭವ ಅಂತ ನಮ್ಮವರಿಗೂ ಪ್ರಚಾರ ನಡೆಯಿತು. ಟ್ಯಾಕ್ಸಿಯವರು, ಅಂಗಡಿಯವರು ಹೇಗೆ ನಡೆದುಕೊಳ್ಳಬೇಕು ಅಂತ ಪಾಠ. ಪ್ರವಾಸಿಗೆ ಮೋಸ ಆಗಬಾರದು, ಅದು ಸರಿ. ಬರುವವರು ಇಲ್ಲಿನವರ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತ ಅಷ್ಟೇ ಜೋರಾಗಿ ಹೇಳುವ ಜಾಹೀರಾತು ಯಾಕೆ ಬರಲಿಲ್ಲ?

---

ಹಳೇ ಗೈಡ್

ಪಲಾವು ಅನ್ನುವ ಪುಟ್ಟ ದ್ವೀಪದೇಶ ಅದನ್ನು ಮಾಡಿದೆ ಸರ್. 2017ರಿಂದ ಅಲ್ಲಿ ಇಳಿದವರ ಪಾಸ್‌ಪೋರ್ಟಿನಲ್ಲೇ ಒಂದು ಪ್ರತಿಜ್ಞೆಯ ಮುದ್ರೆ ಒತ್ತುತ್ತಾರೆ. ಪಲಾವುವಿನ ಮಕ್ಕಳೇ, ನಿಮ್ಮ ನೆಲವನ್ನು ಕಾಪಾಡುತ್ತೇನೆ ಅಂತ ಪ್ರವಾಸಿ ಅದಕ್ಕೆ ಸಹಿ ಹಾಕಬೇಕು. ಬರೆಯುವಾಗ ಅಲ್ಲಿನ ಮಕ್ಕಳೂ ಜೊತೆಗಿದ್ದರು. ಅಲ್ಲಿ ಮಕ್ಕಳು ಕ್ಯಾಮೆರಾ ಕಡೆ ಓಡಿ ಬರುವವರಲ್ಲ, ಮಾತು ತೆಗೆದುಕೊಳ್ಳುವವರು.

---

ಏಜೆನ್ಸಿಯವ

ಸ್ವೀಡನ್ನಿನದೂ ಹೇಳುತ್ತೇನೆ. 2016ರಲ್ಲಿ ಅಲ್ಲಿನ ಪ್ರವಾಸಿಗರ ಸಂಘವೊಂದು ಇಡೀ ದೇಶಕ್ಕೆ ಒಂದು ಫೋನ್ ನಂಬರ್ ಇಟ್ಟಿತು. ಜಗತ್ತಿನ ಯಾರು ಬೇಕಾದರೂ ಕರೆ ಮಾಡಬಹುದಿತ್ತು. ಹೆಸರು ಕೊಟ್ಟ ಸ್ವೀಡನ್ ಪ್ರಜೆಗಳಲ್ಲಿ ಯಾರೋ ಒಬ್ಬರು ಎತ್ತುತ್ತಿದ್ದರು. ಏನು ಹೇಳಬೇಕು ಅಂತ ಅವರಿಗೆ ಯಾರೂ ಬರೆದುಕೊಟ್ಟಿರಲಿಲ್ಲ. ಮಳೆ ಜಾಸ್ತಿ ಅನ್ನಬಹುದಿತ್ತು, ಸರ್ಕಾರ ಸರಿಯಿಲ್ಲ ಅನ್ನಬಹುದಿತ್ತು. 1766ರಲ್ಲಿ ಅವರು ಸೆನ್ಸಾರ್ ತೆಗೆದುಹಾಕಿದ್ದಕ್ಕೆ 250 ವರ್ಷ ತುಂಬಿದ ನೆನಪಿಗೆ ಮಾಡಿದ್ದು. ಹಾಗೆ ಮಾಡಲು ಒಂದು ಸಂಸ್ಥೆಗೆ ತನ್ನ ಜನರ ಮೇಲೆ ನಂಬಿಕೆ ಬೇಕು.

ಈ ಚರ್ಚೆಯಿಂದ ನಾನು ಮುಂದಿನ ಮೀಟಿಂಗಿಗೆ ಮೂರು ಮಾತು ಒಯ್ಯುತ್ತೇನೆ. ಮುಖ ತೋರಿಸಿದವರ ಹೆಸರು ಮತ್ತು ಕೆಲಸ ಪರದೆ ಮೇಲೆ ಬರಲಿ. ಅವರ ಮಾತು ಅವರದೇ ಭಾಷೆಯಲ್ಲಿ ಇರಲಿ, ಕೆಳಗೆ ಸಬ್‌ಟೈಟಲ್ ಹಾಕೋಣ. ಬಿಡುಗಡೆಗೆ ಮೊದಲು ಶೂಟಿಂಗ್ ನಡೆದ ಊರಿನಲ್ಲೇ ತೋರಿಸಿ, ಬೇಡ ಅಂದರೆ ತೆಗೆಯೋಣ. ಮೂರನೆಯದಕ್ಕೆ ಇಲಾಖೆ ಒಪ್ಪುವುದು ಕಷ್ಟ, ಗಡುವಿನ ನೆಪ ಬರುತ್ತದೆ. ಆದರೂ ಕೇಳುತ್ತೇನೆ.

---

ಸಂಜೆಮಲ್ಲಿಗೆ

ನಾಲ್ಕನೆಯದನ್ನೂ ಸೇರಿಸಿ ಸರ್. ವರ್ಷಗಳು ಕಳೆದ ಮೇಲೆ ನನ್ನ ಮುಖ ತೆಗೆಯಿರಿ ಅಂತ ಒಬ್ಬಳು ಕೇಳಿದರೆ ತೆಗೆಯಬೇಕು, ಅದು ಒಪ್ಪಂದದಲ್ಲೇ ಇರಬೇಕು. ಮಗುವಾಗಿದ್ದಾಗ ತೆಗೆದ ಫೋಟೋ ಆಗಿದ್ದರಂತೂ ಖಂಡಿತ.

---

ಹಳೇ ಗೈಡ್

ಊರಿನಲ್ಲಿ ತೋರಿಸುವಾಗ ಹಗಲು ಹೊತ್ತು ಇಡಬೇಡಿ. ಎಲ್ಲರೂ ಕೆಲಸಕ್ಕೆ ಹೋಗಿರುತ್ತಾರೆ. ಸಂಜೆ ಏಳರ ಮೇಲೆ ಇಡಿ. ಹೆಂಗಸರನ್ನು ಮೊದಲ ಸಾಲಿನಲ್ಲಿ ಕೂರಿಸಿ. ಅಧಿಕಾರಿಗಳು ಎದುರಿಗಿದ್ದರೆ ಯಾರೂ ಬೇಡ ಅನ್ನುವುದಿಲ್ಲ, ಅವರನ್ನು ಸ್ವಲ್ಪ ಹೊತ್ತು ಹೊರಗೆ ಕಳಿಸಿ ಆಮೇಲೆ ಕೇಳಿ.